ಕುಣಿಗಲ್ ಸ್ವಾಮಿಯ ಅಪ್ಪಣೆ

ಷಡಕ್ಷರಿ ಬಲಗಾಲಿನ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ಕುಣಿಗಲ್ ಸ್ವಾಮಿಯ ಮನೆಯ ಹಿತ್ತಲಿಗೆ ನುಗ್ಗಿದ. ಮುಂಬಾಗಿಲಲ್ಲಿ ಭಕ್ತರು ತುಂಬಿದ್ದರು. ಅವರ ನಡುವೆ ಷಡಕ್ಷರಿಯ ಹೆಂಡತಿ ತಿಪ್ಪಮ್ಮನೂ ಕೂತಿದ್ದಳು. ಅವಳ ಕಣ್ಣಿಗೆ ಬಿದ್ದರೆ ಕೆಲಸ ಕೆಡುತ್ತಿತ್ತು. ಸ್ವಾಮಿಗೆ ಎರಡು ಬಾರಿಸಬೇಕು, ಸೊಸೆಯನ್ನು ಎಬ್ಬಿಸಿಕೊಂಡು ತುಮಕೂರಿನ ಬಸ್ಸು ಹತ್ತಬೇಕು. ಅಷ್ಟೇ ಅವನ ತೀರ್ಮಾನ.

ಸ್ವಾಮಿಯಂತೆ ಸ್ವಾಮಿ! ಈ ಸದಾಶಿವಯ್ಯ ಮೊನ್ನೆ ಮೊನ್ನೆಯವರೆಗೂ ಕುಣಿಗಲ್ಲಿನಲ್ಲಿ ಗ್ಯಾಸ್ ಸ್ಟೌ ರಿಪೇರಿ ಮಾಡುತ್ತಿದ್ದವನು. ಈಗ ಮನಸ್ಸು ರಿಪೇರಿ ಮಾಡುತ್ತಾನಂತೆ. ಮುಖ ನೋಡಿದರೆ ಸಾಕು, ಒಳಗಿರುವುದೆಲ್ಲ ಕಾಣುತ್ತದಂತೆ. ಅವನಿಗೆ ಕಾಣುವುದು ಯಾರ ಮನೆಯಲ್ಲಿ ಮೆದು ಮನಸ್ಸಿನವರಿದ್ದಾರೆ ಅನ್ನುವುದು ಮಾತ್ರ. ಮೆದು ಕಂಡಲ್ಲಿ ಇಂಥವರು ಗೆದ್ದಲಿನ ಹಾಗೆ ಹತ್ತುತ್ತಾರೆ ಎಂದು ಷಡಕ್ಷರಿ ಕಂಡ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಅವನ ಸೊಸೆ ರೂಪಶ್ರೀ ಮೆದುವೇ. ಹಾಗಲವಾಡಿಯ ಹುಡುಗಿ. ಪಾತ್ರೆ ಬಿದ್ದರೆ ಬೆಚ್ಚುತ್ತಾಳೆ, ಘಾಟು ವಾಸನೆಗೆ ತಲೆ ಹಿಡಿದುಕೊಳ್ಳುತ್ತಾಳೆ. ಯಾರೋ ಯಾರನ್ನೋ ಬೈದರೆ ಇವಳ ಕಣ್ಣಲ್ಲಿ ನೀರು. ಮದುವೆಯಾದ ಹೊಸದರಲ್ಲಿ ಬೆಳಗಿನ ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು, “ಒಸಿ ಹೊತ್ತು ಬಿಟ್ಟು ರುಬ್ಬೋಣ್ವಾ ಅತ್ತೆ?” ಅಂದಿದ್ದಳು. ಮನೆಯವರೆಲ್ಲ ನಕ್ಕಿದ್ದರು. ಷಡಕ್ಷರಿಯ ನಗುವೇ ಎಲ್ಲರಿಗಿಂತ ಜೋರು. ಅವನು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಗಿರಣಿಯ ಸದ್ದನ್ನು ಮೀರಿಸಿ ಕೂಗಿ ಕೂಗಿ ಬಲಿತ ಗಂಟಲು, ಮನೆಗೆ ಬಂದರೂ ಇಳಿಯುತ್ತಿರಲಿಲ್ಲ.

ಬರುಬರುತ್ತ ಹುಡುಗಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಗಂಡ ನಾಗಭೂಷಣ್ ತಾಯಿಯ ಮುಂದೆ ಬಾಯಿ ಬಿಡುವವನಲ್ಲ. “ಗಾಳಿ ಸೋಕೈತೆ” ಎಂದು ತಿಪ್ಪಮ್ಮ ಸೊಸೆಯನ್ನು ಎಳೆದುಕೊಂಡು ಕುಣಿಗಲ್ ದಾರಿ ಹಿಡಿದಳು. ಸೋಕಿದವರು ಮೊದಲು ಒಬ್ಬರೇ ಒಳಗೆ ಹೋಗಿ ಸ್ವಾಮಿಯ ಎದುರು ಕೂರಬೇಕು. ಆಮೇಲೆ ಮನೆಯ ಹಿರಿಯರನ್ನು ಕರೆದು ಅವನು ಅಪ್ಪಣೆ ಕೊಡುತ್ತಾನೆ. ಅದು ಅಲ್ಲಿನ ಪದ್ಧತಿ.

ಅಪ್ಪಣೆಗಳೋ, ಒಂದಕ್ಕಿಂತ ಒಂದು ಹುಚ್ಚು. ಬಿಸಿಲು ಏರುವ ತನಕ ಮಿಕ್ಸಿ ತಿರುಗಿಸಬಾರದು. ದೀಪ ಹಚ್ಚಿದ ಮೇಲೆ ಟಿವಿ ಹಾಕಬಾರದು. ಊದಿನಕಡ್ಡಿ ಮನೆಯೊಳಗೆ ತರಲೇಬಾರದು. ಅದೂ ಸಾಲದೆ, ಸಂಜೆಯಾಗುತ್ತಿದ್ದಂತೆ ರೂಪಶ್ರೀಯನ್ನು ಮಹಡಿ ಕೋಣೆಯಲ್ಲಿ ಒಂಟಿಯಾಗಿ ಕೂರಿಸಿ ಬಾಗಿಲು ಹಾಕಬೇಕು, ಯಾರೂ ಮಾತಾಡಿಸಬಾರದು!

“ಊದಿನಕಡ್ಡಿ ಬ್ಯಾಡ ಅನ್ನೋ ಸ್ವಾಮೀನ ಯಾವ ಲೋಕದಲ್ಲಾದ್ರೂ ನೋಡಿದ್ದೀಯೇನೇ?” ಎಂದು ಷಡಕ್ಷರಿ ಅಂದು ಕೂಗಾಡಿದ್ದ.

“ಮೆತ್ತಗೆ ಮಾತಾಡಿ. ಬುದ್ಧಿಯೋರಿಗೆ ಎಲ್ಲಾ ಕೇಳುಸ್ತದೆ,” ಎಂದಿದ್ದಳು ತಿಪ್ಪಮ್ಮ.

“ಕುಣಿಗಲ್‌ಗೆ ಕೇಳುಸ್ಲಿ ಅಂತಾನೇ ಕೂಗ್ತಿರೋದು ಕಣೇ! ಆ ಮಗೀನ ಕೋಣೇಲಿ ಕೂಡಾಕ್ತೀರಲ್ಲ, ಅದೇನು ದನಾನಾ?”

ರೂಪಶ್ರೀ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಷಡಕ್ಷರಿಯ ಕರುಳು ಚುರುಕ್ ಎಂದಿತು. ತನ್ನ ಪರವಾಗಿ ಮಾತಾಡುವವರು ಒಬ್ಬರಾದರೂ ಇದ್ದಾರಲ್ಲ ಎಂದು ಅಳುತ್ತಿದ್ದಾಳೆ, ಪಾಪ. ಅವನು ಇನ್ನಷ್ಟು ಜೋರಾಗಿ ಕೂಗಿದ. ಅವಳು ಸರಸರನೆ ಮೆಟ್ಟಿಲು ಹತ್ತಿ, ಮಹಡಿ ಕೋಣೆಗೆ ಹೋಗಿ ತಾನೇ ಬಾಗಿಲು ಹಾಕಿಕೊಂಡಳು.

ವಿಚಿತ್ರವೆಂದರೆ ಹುಡುಗಿ ಮತ್ತೆ ಉಣ್ಣತೊಡಗಿದಳು. ಕೆನ್ನೆ ತುಂಬಿಕೊಂಡಿತು. “ನೋಡಿದ್ರಾ ಬುದ್ಧಿಯೋರ ಮಹಿಮೇನ?” ಎಂದು ತಿಪ್ಪಮ್ಮ ಬೀದಿಗೆಲ್ಲ ಸಾರಿದಳು. ಷಡಕ್ಷರಿಗೆ ಮೈಯೆಲ್ಲ ಉರಿ. ಯಾವುದೋ ಪುಡಿ ತಿನ್ನಿಸುತ್ತಿದ್ದಾನೆ ಕಳ್ಳ. ಹುಡುಗಿಯನ್ನು ಗೊಂಬೆ ಮಾಡಿಕೊಂಡಿದ್ದಾನೆ. ಹೇಳಿದ್ದಕ್ಕೆಲ್ಲ ಕತ್ತು ಆಡಿಸುವ ಗೊಂಬೆ!

ಇವತ್ತು ಮಾತು ಕೈಮೀರಿತ್ತು. ಬೆಳಿಗ್ಗೆ ತಿಪ್ಪಮ್ಮ ಸೊಸೆಯ ಎದುರಿಗೇ ಹೇಳಿಬಿಟ್ಟಿದ್ದಳು: “ಉಂಡ್ರೇನು, ಗಾಳಿ ಇನ್ನೂ ಪೂರ್ತಿ ಬುಟ್ಟಿಲ್ಲ. ಇವತ್ತು ಕೇಳೇಬುಡ್ತೀನಿ. ಇವ್ಳು ನಮ್ಮನೇಲಿ ಇರ್ಬೇಕಾ, ತೌರಿಗೆ ಹೋಗ್ಬೇಕಾ ಅಂತ. ಬುದ್ಧಿಯೋರು ಏನಂದ್ರೆ ಅದೇ.”

ಸ್ಟೌ ರಿಪೇರಿಯವನ ಬಾಯಲ್ಲಿ ಸೊಸೆಯ ಸಂಸಾರ! ಷಡಕ್ಷರಿ ಗಿರಣಿಗೆ ಬೀಗ ಜಡಿದು, ಅವರ ಬಸ್ಸಿನ ಹಿಂದೆಯೇ ಹೊರಟ ಬಸ್ಸು ಹತ್ತಿದ್ದ.

ಹಿತ್ತಲ ಕಿಟಕಿ ಅರ್ಧ ತೆರೆದಿತ್ತು. ಇಣುಕಿದ. ಕಾವಿ, ಗಡ್ಡ, ಹಣೆ ತುಂಬ ವಿಭೂತಿ, ವೇಷಕ್ಕೇನೂ ಕಮ್ಮಿಯಿಲ್ಲದೆ ಸದಾಶಿವಯ್ಯ ಕೂತಿದ್ದ. ಎದುರಿಗೆ ಚಾಪೆಯ ಮೇಲೆ ರೂಪಶ್ರೀ. ಬೇರೆ ಯಾರೂ ಇಲ್ಲ. ಷಡಕ್ಷರಿ ಚಪ್ಪಲಿ ಎತ್ತಿ ಹಿಡಿದ. ಆ ಬಾಯಿಂದ ‘ತವರಿಗೆ ಹೋಗು’ ಅನ್ನುವ ಮಾತೊಂದು ಬರಲಿ, ಹಲ್ಲು ಉಳಿಯುವುದಿಲ್ಲ.

ಸ್ವಾಮಿ ಕೈಕಟ್ಟಿಕೊಂಡು ಮುಂದಕ್ಕೆ ಬಾಗಿದ.

“ಹೇಳವ್ವಾ. ಮಹಡಿ ಕೋಣೆ ಸಿಕ್ತಾ?”

“ಸಿಕ್ತು. ಈಗ ಚೆನ್ನಾಗಿ ನಿದ್ದೆ ಬರ್ತಿದೆ.”

“ಬುಡು ಮತ್ತೆ. ನಿನ್ನಿಂದ ನಂಗೂ ಒಳ್ಳೇ ಹೆಸ್ರು ಬಂತು. ಈ ಸಲ ನಿಮ್ಮತ್ತೆಗೆ ಏನ್ ಹೇಳ್ಲಿ?”

“ನನ್ನನ್ನ ತವರಿಗೆ ಕಳಿಸೋ ಮಾತು ಎತ್ತುತ್ತಾರೆ. ಸೊಸೆ ಹೊಸ್ತಿಲು ದಾಟಿದ್ರೆ ಮನೆಗೆ ಕೇಡು ಅಂತ ಹೇಳಿ. ನಾನು ಹೇಳಿದ್ರೆ ನಗ್ತಾರೆ, ನೀವು ಹೇಳಿದ್ರೆ ಕೈ ಮುಗೀತಾರೆ.” ಆ ಹುಡುಗಿಗೆ ಇಷ್ಟು ಗಟ್ಟಿ ದನಿ ಇದೆ ಎಂದು ಷಡಕ್ಷರಿಗೆ ಗೊತ್ತೇ ಇರಲಿಲ್ಲ.

“ಆಯ್ತವ್ವ. ಮತ್ತೇನಾದ್ರೂ ಅಪ್ಪಣೆ?” ಎಂದು ಸ್ವಾಮಿ ಕೇಳಿದ.

“ಇನ್ನೊಂದೇ ಒಂದು ಸದ್ದು ಉಳಿದಿದೆ,” ಎಂದಳು ರೂಪಶ್ರೀ, “ನಮ್ಮ ಮಾವನಿಗೆ ಮೌನವ್ರತ ಹಾಕಿ.”