ಹಳೇ ಚಕ್ರ, ಹೊಸ ಬೆಲ್ಟು

ಮಯೂರ ವಿಹಾರದ ಮೇಲ್ಸೇತುವೆ ಇಳಿಯುವಾಗ ಜಯಾನಂದನ ವ್ಯಾನು ಕಟಕಟನೆ ಎರಡು ಸಲ ಹಲ್ಲು ಕಡಿದು ನಿಂತೇಬಿಟ್ಟಿತು. ಹಿಂದುಗಡೆ ಇನ್ನೂರು ಮಂದಿಗಾಗುವಷ್ಟು ಇಡ್ಲಿ, ಸಾಂಬಾರು, ದೊಡ್ಡದೊಂದು ಡಬರಿ ತುಂಬ ತೆಂಗಿನಕಾಯಿ ಚಟ್ನಿ. ರಾಜಧಾನಿಯ ಇನ್ನೊಂದು ತುದಿಯಲ್ಲಿ, ದ್ವಾರಕಾದ ವಸತಿ ಸೊಸೈಟಿಯೊಂದರಲ್ಲಿ ಒಂಬತ್ತೂವರೆಗೆ ನಾಮಕರಣದ ತಿಂಡಿ. ಗಂಟೆ ಇನ್ನೂ ಏಳೂವರೆ. ಮೇ ತಿಂಗಳ ಬಿಸಿಲು ಆಗಲೇ ವ್ಯಾನಿನ ತಗಡನ್ನು ಕಾಯಿಸತೊಡಗಿತ್ತು.

ಪಕ್ಕದ ಸೀಟಿನಲ್ಲಿ ಅಡುಗೆಯ ದೀಕ್ಷಿತ್ ಕೂತಿದ್ದ. ಇಂದಿರಾಪುರಂನ ಜಯಾನಂದನ ಹೋಟೆಲಿನಲ್ಲಿ ಒಂಬತ್ತು ವರ್ಷ ದುಡಿದವನಿಗೆ ಇವತ್ತೇ ಕಡೆಯ ದಿನ. ಮಾಡಿದ ತಪ್ಪು ಇಷ್ಟೇ: ನಿನ್ನೆ ಸಂಜೆಯ ನೂಕುನುಗ್ಗಲಲ್ಲಿ, ಬೆಳಗಿನ ಚಟ್ನಿ ತಳದಲ್ಲಿ ಉಳಿದಿದ್ದ ಡಬರಿಗೇ ಹೊಸ ಚಟ್ನಿ ಸುರಿದಿದ್ದ. ಗಿರಾಕಿಗಳೇನೋ ಚಪ್ಪರಿಸಿಕೊಂಡು ತಿಂದರು. ಆದರೆ ಜಯಾನಂದನ ನಾಲಿಗೆ ಬಿಡಬೇಕಲ್ಲ! ‘ಹಳತಿಗೆ ಹೊಸತು ಬೆರೆಸಬಾರದು’ ಎಂದು ಅಡುಗೆಮನೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿಟ್ಟವನು ಅವನು. “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಮಾರಾಯ. ನಾಳೆ ಸಂಜೆ ರೈಲು ಹತ್ತು” ಎಂದುಬಿಟ್ಟ. ಬೈಂದೂರಿನಲ್ಲಿ ಇಬ್ಬರು ಹೆಣ್ಣುಮಕ್ಕಳ ಓದು ಇವನ ದುಡಿಮೆಯ ಮೇಲೆಯೇ ನಿಂತಿದೆ ಎಂದು ತನ್ನ ಹೆಂಡತಿ ನೀಲಾವತಿ ಎಷ್ಟು ಹೇಳಿದರೂ ಜಯಾನಂದ ಕೇಳಲಿಲ್ಲ.

ಎಂಟೂಕಾಲಿಗೆ ಮೆಕ್ಯಾನಿಕ್ ಇರ್ಫಾನ್ ಸ್ಕೂಟರಿನಲ್ಲಿ ಬಂದ. ಇಂಜಿನ್ನಿನ ಮುಚ್ಚಳ ಬಿಚ್ಚಿ, ನಾಯಿ ಕಚ್ಚಿ ಎಳೆದಾಡಿದಂತಿದ್ದ ಟೈಮಿಂಗ್ ಬೆಲ್ಟನ್ನು ಹೊರಗೆಳೆದ.

“ಎರಡು ತಿಂಗಳಾಗಿಲ್ಲ ಭಯ್ಯಾ, ನೀನೇ ಹಾಕಿದ್ದು! ಎಂಥ ಕಳಪೆ ಮಾಲು ಕೊಟ್ಟೆ?” ಜಯಾನಂದ ಹಿಂದಿಯಲ್ಲಿ ಕೂಗಾಡಿದ.

“ಬೆಲ್ಟ್ ಒಳ್ಳೇದೇ, ಸೇಠ್‌ಜೀ.” ಇರ್ಫಾನ್ ಒಳಗಿದ್ದ ಪುಟ್ಟ ಚಕ್ರವೊಂದನ್ನು ಬೆರಳಿನಿಂದ ತಳ್ಳಿದ. ಅದು ಅಲುಗಲಿಲ್ಲ. “ಬೆಲ್ಟನ್ನು ಬಿಗಿಯಾಗಿ ಹಿಡಿಯೋದು ಇದು. ಬೆಲ್ಟಿನ ಜೊತೆಗೇ ಇದನ್ನೂ ಬದಲಾಯಿಸಿ ಅಂತ ಕೈಮುಗಿದು ಹೇಳಿದ್ದೆ. ಏನಂದಿರಿ ನೀವು? ತಿರುಗ್ತಾ ಇದೆಯಲ್ಲ, ಚೆನ್ನಾಗಿರೋದನ್ನು ಯಾಕೆ ಎಸೀಬೇಕು ಅಂದಿರಿ. ಈಗ ಇದು ಸಿಕ್ಕಿಹಾಕಿಕೊಂಡು ಬೆಲ್ಟನ್ನು ಹರಿದಿದೆ. ಪಿಸ್ಟನ್ನುಗಳು ಹೋಗಿ ವಾಲ್ವುಗಳಿಗೆ ಗುದ್ದಿವೆ. ಇಂಜಿನ್ ಪೂರ್ತಿ ಬಿಚ್ಚಬೇಕು. ಹಳೇದರ ಜೊತೆ ಹೊಸದನ್ನು ಸೇರಿಸಿದರೆ ಹೊಸದೂ ಹಾಳೇ, ಸೇಠ್‌ಜೀ.”

ದೀಕ್ಷಿತನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

“ಎಂತ ಮಾರಾಯ ನಿನ್ನ ಕೆಮ್ಮು?”

“ಎಂತ ಇಲ್ಲ ಅಣ್ಣ. ಗೋಡೆ ಮೇಲೆ ಬರೆಸಿದ್ದು ನೆನಪಾಯ್ತು.”

“ಅದು ಬೇರೆ, ಇದು ಬೇರೆ!” ಜಯಾನಂದ ಕೆಂಪಗಾದ. “ಅದು ಜನ ಹೊಟ್ಟೆಗೆ ತಿನ್ನುವ ವಸ್ತು. ಕಬ್ಬಿಣಕ್ಕೂ ಅನ್ನಕ್ಕೂ ವ್ಯತ್ಯಾಸ ಬೇಡವಾ?”

“ಹೌದಣ್ಣ, ಬೇರೆಯೇ” ಎಂದ ದೀಕ್ಷಿತ್, ಬಹಳ ವಿನಯದಿಂದ.

ನೀಲಾವತಿ ಕಳಿಸಿದ ಬಾಡಿಗೆ ಟೆಂಪೋ ಬರುವಷ್ಟರಲ್ಲಿ ಒಂಬತ್ತು ಗಂಟೆ. ಅದರಲ್ಲಿ ಒಂದು ಸಣ್ಣ ಬಕೆಟ್ಟೂ ಇತ್ತು. ಹಿಂದೆಯೇ ಅವಳ ಫೋನು: “ಆ ಚಟ್ನಿ ಈ ಬಿಸಿಲಿಗೆ ಕೆಟ್ಟಿರ್ತದೆ, ಚೆಲ್ಲಿಬಿಡಿ. ಮನೆಯಲ್ಲಿದ್ದ ಕಾಯಿ ಅಷ್ಟನ್ನೂ ರುಬ್ಬಿ ಕಳಿಸಿದ್ದೇನೆ. ಎಂಬತ್ತು ಜನಕ್ಕೆ ಸಾಕಾದೀತು. ಉಳಿದವರಿಗೆ ಸಾಂಬಾರು ಇದೆಯಲ್ಲ.”

ಇಡ್ಲಿ, ಸಾಂಬಾರು ಟೆಂಪೋ ಏರಿದವು. ಡಬರಿಯ ಮುಚ್ಚಳ ತೆಗೆದ ದೀಕ್ಷಿತ್ ಮೂಗು ಹತ್ತಿರ ತಂದು ಹಾಗೇ ಹಿಂದೆ ಸರಿದ. ಜಯಾನಂದ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. ಅದೇ ನಾಲಿಗೆ. ಒಂದು ಕ್ಷಣ ಅವನ ಮುಖ ಕಿವುಚಿತು, ಮತ್ತೆ ಸರಿಯಾಯಿತು. ಅಷ್ಟರಲ್ಲಿ ನಾಮಕರಣದ ಮನೆಯವರದು ನಾಲ್ಕನೇ ಸಲ ಫೋನು. “ಬಂದೆವು ಸಾರ್, ಇಲ್ಲೇ ಇದ್ದೇವೆ” ಎಂದು ಸುಳ್ಳು ಹೇಳಿ ಫೋನಿಟ್ಟು, ಡಬರಿ ನೋಡಿದ, ಬಕೆಟ್ಟು ನೋಡಿದ, ರಸ್ತೆಯ ಆಚೀಚೆಯನ್ನೂ ನೋಡಿದ.

“ಅಷ್ಟೇನೂ ಹುಳಿ ಬಂದಿಲ್ಲ, ಅಲ್ವಾ?”

ದೀಕ್ಷಿತ್ ಡಬರಿಯ ಮುಚ್ಚಳ ಮತ್ತೆ ಮುಚ್ಚಿದ.

“ಇನ್ನೂರು ಜನ ಮಾರಾಯ. ಚಟ್ನಿ ಸಾಲಲಿಲ್ಲ ಅಂದರೆ ಹೋಟೆಲಿನ ಮರ್ಯಾದೆ ಏನಾಗಬೇಕು?” ಜಯಾನಂದ ಸ್ವರ ತಗ್ಗಿಸಿದ. “ಈ ಬಕೆಟಿನದ್ದನ್ನು ಅದಕ್ಕೇ ಸುರಿದು ಒಂದು ಸಲ ಚೆನ್ನಾಗಿ ತಿರುಗಿಸಿದರೆ... ಯಾರಿಗೆ ಗೊತ್ತಾಗ್ತದೆ?”

ದೀಕ್ಷಿತ್ ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡ. ಸೌಟನ್ನೂ ತೊಳೆದು, ಹೆಗಲ ಮೇಲಿನ ಬೈರಾಸಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಧಣಿಯ ಮುಂದೆ ಚಾಚಿದ.

“ನೀವೇ ಬೆರೆಸಿ ಅಣ್ಣ. ನನಗೆ ಸಂಜೆ ರೈಲು ಉಂಟು.”