ಖಾಲಿ ಫ್ಲ್ಯಾಶ್

ನಾಲ್ಕನೇ ಸಲವೂ ರೇಣುಕಪ್ಪ ಎನ್.ಆರ್. ಪುರದ ಇಸಾಕ್ ಸಾಹೇಬರ ಫೋಟೋ ಸ್ಟುಡಿಯೋಕ್ಕೆ ಬಂದು, ಅದೇ ಬೆಂಚಿನ ಮೇಲೆ ಕೂತು, ಅದೇ ಮಾತು ಕೇಳಿದರು.

“ಕೊಪ್ಪದ ಮದುವೇಲಿ ನಮ್ಮಿಬ್ಬರದ್ದೊಂದು ಫೋಟೋ ತೆಗೆದಿದ್ರಲ್ಲ ಸಾಬ್ರೇ, ಅದು ಆಯ್ತಾ?”

ಇಸಾಕ್ ಸಾಹೇಬರ ಕೈಯ ಕತ್ತರಿ ಯಾರದೋ ಪಾಸ್‌ಪೋರ್ಟ್ ಫೋಟೋದ ಕಿವಿಯನ್ನು ಕತ್ತರಿಸಿಬಿಟ್ಟಿತು. ಮೊದಲ ಸಲ ಅವರು ಫಿಲಂ ತೊಳೆಯುವ ಔಷಧಿ ಶಿವಮೊಗ್ಗದಿಂದ ಬಂದಿಲ್ಲ ಎಂದಿದ್ದರು. ಎರಡನೇ ಸಲ ಕರೆಂಟು ಇರಲಿಲ್ಲ. ಮೂರನೇ ಸಲ ನೆಪ ಹೊಳೆಯದೆ, ಬಿಸಿಲು ಸಾಲದು ಎಂದುಬಿಟ್ಟಿದ್ದರು. ಫೋಟೋ ತೊಳೆಯುವುದು ಕತ್ತಲೆ ಕೋಣೆಯಲ್ಲಿ ಎಂಬುದು ಹಿಟ್ಟಿನ ಗಿರಣಿಯ ರೇಣುಕಪ್ಪನವರಿಗೇನು ಗೊತ್ತು, ಹೌದು ಹೌದು ಎಂದು ಆಕಾಶ ನೋಡಿಕೊಂಡು ಶೆಟ್ಟಿಕೊಪ್ಪಕ್ಕೆ ವಾಪಸಾಗಿದ್ದರು. ಅವರ ಹೆಂಡತಿ ವೀರಬಸಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಆಕೆಯದು ಬೇರೆ ಒಂದೇ ಒಂದು ಫೋಟೋ ಇರಲಿಲ್ಲ. ಅಂದಿನಿಂದ ರೇಣುಕಪ್ಪ ಗಿರಣಿಯ ಬಾಗಿಲನ್ನೇ ತೆಗೆದಿಲ್ಲವಾಗಿ, ಊರಿನವರು ಅಕ್ಕಿ ರಾಗಿ ಹೊತ್ತು ಬಸ್ಸು ಹತ್ತುತ್ತಿದ್ದರು.

ನಿಜ ಏನೆಂದರೆ ಆ ಫೋಟೋ ಇರಲೇ ಇಲ್ಲ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಮದುವೆಯೊಂದಕ್ಕೆ ‘ನಮ್ಮದೂ ಒಂದು’ ಎನ್ನುವ ಅತ್ತೆ ಮಾವಂದಿರು ನೂರಿಪ್ಪತ್ತು. ಅಂಥವರಿಗಾಗಿ ಕಸುಬಿನವರು ಕಂಡುಕೊಂಡ ಉಪಾಯವೇ ಖಾಲಿ ಫ್ಲ್ಯಾಶ್. ಕ್ಯಾಮೆರಾ ಒತ್ತದೆ ಬರೀ ದೀಪ ಮಿಂಚಿಸುವುದು. ನಿಂತವರ ಮುಖ ಅರಳುತ್ತದೆ, ಖುಷಿಯಾಗಿ ಊಟಕ್ಕೆ ಹೋಗುತ್ತಾರೆ. ಆಮೇಲೆ ಫೋಟೋ ಎಲ್ಲಿ ಎಂದು ಕೇಳಿಕೊಂಡು ಬಂದವರನ್ನು ಇಸಾಕ್ ಸಾಹೇಬರು ಇಪ್ಪತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಆದರೆ ಕೊಪ್ಪದ ಮದುವೆಯಲ್ಲಿ ರೇಣುಕಪ್ಪ ದಂಪತಿ ಬಂದು ನಿಂತಾಗ ರೋಲಿನಲ್ಲಿ ಇನ್ನೂ ಎರಡು ಚಿತ್ರ ಉಳಿದಿದ್ದವು. ಅವತ್ತು ಬೆಳಿಗ್ಗೆ ಫ್ಲ್ಯಾಶಿಗೆ ಚಾರ್ಜು ಏರುವುದನ್ನು ಕಾಯಲಾರದೆ, ಅವರು ಕ್ಯಾಮೆರಾದ ಕಣ್ಣನ್ನು ತುಸು ಹೊತ್ತು ತೆರೆದಿಟ್ಟೇ ವಧೂವರರನ್ನು ಹಿಡಿಯಲು ಹೊರಟಿದ್ದಾಗ, ಆರತಿ ತಟ್ಟೆ ಹಿಡಿದ ವೀರಬಸಮ್ಮ ಸರಕ್ಕನೆ ಅಡ್ಡ ಹಾದುಹೋಗಿದ್ದರು. ಚಿತ್ರ ಹಾಳು. ಸಾಹೇಬರು ನಾಲ್ಕು ಜನರೆದುರು ಗದರಿದ್ದರು. ಮಧ್ಯಾಹ್ನ ಅದೇ ವೀರಬಸಮ್ಮ, ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ ಮೊದಲ ಬಾರಿ ಗಂಡನನ್ನು ಎಳೆದುಕೊಂಡು ಬಂದು ಕ್ಯಾಮೆರಾದ ಮುಂದೆ ನಿಂತಾಗ, ಆ ಸಿಟ್ಟಿಗೇ ಖಾಲಿ ಫ್ಲ್ಯಾಶ್ ಹೊಡೆದಿದ್ದರು.

ಪರದೆಯ ಹಿಂದೆ ಹೆಂಡತಿ ಮೆಹರ್ ಬಾನು ಕೆಮ್ಮಿದಳು. ಕಪ್ಪು-ಬಿಳುಪು ಫೋಟೋದ ಮದುಮಕ್ಕಳ ಕೆನ್ನೆಗೆ ಬಣ್ಣ ಹಚ್ಚುವುದು ಅವಳ ಕೆಲಸ. ಇವತ್ತೂ ಸುಳ್ಳು ಹೇಳಿದರೆ ತಾನೇ ಹೊರಗೆ ಬಂದು ನಿಜ ಹೇಳುವೆನೆಂದು ಬೆಳಿಗ್ಗೆಯೇ ಎಚ್ಚರಿಸಿದ್ದಳು. ಇಸಾಕ್ ಸಾಹೇಬರು ಕತ್ತರಿ ಕೆಳಗಿಟ್ಟರು.

“ಫೋಟೋ ಇಲ್ಲ ರೇಣುಕಪ್ಪನವರೇ. ಅವತ್ತು ತೆಗೀಲೇ ಇಲ್ಲ. ಬರೀ ಬೆಳಕು ಬಿಟ್ಟೆ.”

“ಪಾಪ, ಮೂರು ಸಲ ಸೆರಗು ಸರಿ ಮಾಡ್ಕಂಡಿದ್ಲು,” ಎಂದರು ರೇಣುಕಪ್ಪ. ಬೈದಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯಿಂದ ಅವರು ತಲೆಯೆತ್ತಲಿಲ್ಲ.

ಅಷ್ಟರಲ್ಲಿ ಮೆಹರ್ ಬಾನು ಹೊರಗೆ ಬಂದು ಒಂದು ಫೋಟೋವನ್ನು ರೇಣುಕಪ್ಪನವರ ಕೈಗಿಟ್ಟಳು. ಅವತ್ತು ಹಾಳಾದ ಚಿತ್ರವೇ ಅದು. ಉಳಿದವುಗಳ ಜೊತೆ ಅಚ್ಚಾಗಿ ಕಸಕ್ಕೆ ಬಿದ್ದದ್ದನ್ನು ಎತ್ತಿ ತನ್ನ ಮೇಜಿನೆದುರಿನ ಗೋಡೆಗೆ ಅಂಟಿಸಿಕೊಂಡಿದ್ದಳು. ದಿನವಿಡೀ ಗುಲಾಬಿ ಕೆನ್ನೆ ಬರೆದು ಬೇಸತ್ತಾಗ ಅದನ್ನು ನೋಡಿದರೆ ಕಣ್ಣಿಗೆ ತಂಪಾಗುತ್ತದೆ, ಯಾಕೆಂದು ಮಾತ್ರ ಗೊತ್ತಿಲ್ಲ ಎಂದಳು. ಅದರಲ್ಲಿ ಮದುಮಗಳೂ ಇರಲಿಲ್ಲ, ಮಂಟಪವೂ ಇರಲಿಲ್ಲ. ಕಪ್ಪಿನ ಮೇಲೆ ಎಡದಿಂದ ಬಲಕ್ಕೆ ಬೀಸಿದ ಬೂದು ಬಣ್ಣ, ಅದರ ನಡುವೆ ಬಾಗುತ್ತಾ ಹೋದ ಎರಡು ಬಿಳಿ ಗೆರೆ, ಅಷ್ಟೇ.

“ಇದೆಂತ ತಾಯಿ, ಹೊಳೆಯಾ?” ರೇಣುಕಪ್ಪ ಅದನ್ನು ತಲೆಕೆಳಗು ಮಾಡಿ ನೋಡಿದರು.

“ಅದು ನಿಮ್ಮ ಮನೆಯವರು,” ಎಂದರು ಇಸಾಕ್ ಸಾಹೇಬರು. “ಆರತಿ ಹಿಡ್ಕಂಡು ಅಡ್ಡ ಹೋದ್ರಲ್ಲ, ಆಗ ಬಿದ್ದದ್ದು. ಗೆರೆ ಎರಡೂ ದೀಪದ್ದು. ಮುಖ ಬಂದಿಲ್ಲ.”

ರೇಣುಕಪ್ಪ ಚಿತ್ರವನ್ನು ಬಾಗಿಲ ಬೆಳಕಿಗೆ ಒಯ್ದರು. ಅವರ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆಂದು ಸಾಹೇಬರು ಎದ್ದುಹೋಗಿ ನೋಡಿದರೆ, ಕಣ್ಣಲ್ಲಿ ನೀರು ತುಂಬಿಕೊಂಡು ಮನುಷ್ಯ ನಗುತ್ತಿದ್ದಾರೆ.

“ಇವಳೇ ಸಾಬ್ರೇ. ಮೂವತ್ತೆರಡು ವರ್ಷ ನಾನು ನೋಡಿದ್ದು ಇದನ್ನೇ. ಅವಳು ಒಂದು ಕಡೆ ನಿಂತಿದ್ದು ಯಾವಾಗ?”

ಆ ವಾರವೇ ಶೆಟ್ಟಿಕೊಪ್ಪದಲ್ಲಿ ಗಿರಣಿಯ ಸದ್ದು ಕೇಳಿತು. ಇಸಾಕ್ ಸಾಹೇಬರೂ ಬದಲಾದರು: ರೋಲಿನ ಹನ್ನೆರಡರಲ್ಲಿ ಒಂದನ್ನು ಅಡ್ಡ ಬರುವವರಿಗೆಂದೇ ಮೀಸಲಿಟ್ಟು, ಬೀಗರ ಕಡೆಯವರಿಂದ ಈಗಲೂ ಬೈಸಿಕೊಳ್ಳುತ್ತಾರೆ. ವೀರಬಸಮ್ಮನ ಆ ಚಿತ್ರವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಅವರೇ ಹೊತ್ತುಕೊಂಡು ಹೋಗಿ ಗಿರಣಿಯ ಗೋಡೆಗೆ ಮೊಳೆ ಹೊಡೆದರು. ಅಕ್ಕಿ ಬೀಸಿಸಲು ಬಂದಿದ್ದ ಗುಡ್ಡಮ್ಮ ಕಣ್ಣು ಕಿರಿದು ಮಾಡಿಕೊಂಡು, ಅದು ಏನೆಂದು ಕೇಳಿದಳು. ವೀರಬಸಮ್ಮ ಎಂದು ತಿಳಿದ ಮೇಲೆ ಇನ್ನೂ ಹತ್ತಿರ ಹೋಗಿ ನೋಡಿದಳು.

“ಮುಖವೇ ಕಾಣದಲ್ಲ ರೇಣುಕಪ್ಪ?”

ರೇಣುಕಪ್ಪ ಅವಳ ಚೀಲವನ್ನೆತ್ತಿ ಗಿರಣಿಗೆ ಸುರಿಯುತ್ತಾ ಹೇಳಿದರು: “ಕೆಲಸದಲ್ಲಿದ್ದಾಳೆ, ಕರೀಬೇಡ.”