ಶನಿವಾರದ ಆನೆ

ಬೊಕ್ಕಾಪುರಂ ದಾರಿಯ ಮೋರಿ ಪಕ್ಕ ಜೀಪು ನಿಲ್ಲಿಸಿಕೊಂಡು ನಿರಂಜನ್ ಮತ್ತು ಸುಗನ್ಯಾ ಒಂದೇ ಪೊಟ್ಟಣದ ಕಡಲೆಕಾಯಿ ತಿನ್ನುತ್ತಿದ್ದಾಗ, ಮುಂದಿನ ತಿರುವಿನಲ್ಲಿ ಪೊದೆ ಸರಿದು ಆನೆ ರಸ್ತೆಗೆ ಬಂತು. ಬಂದದ್ದು ದಾಟಿ ಹೋಗಲಿಲ್ಲ. ಅಡ್ಡ ನಿಂತು ಬಿದಿರು ಮುರಿಯತೊಡಗಿತು.

ಆಗಲೇ ಇಬ್ಬರ ಫೋನುಗಳೂ ಒಟ್ಟಿಗೆ ಗುಂಯ್ ಎಂದವು. ಊರಿನ ವಾಟ್ಸಾಪ್ ಆನೆ ಗ್ರೂಪು. ಎಲ್ಲಿ ಆನೆ ಕಂಡರೂ ಅದರಲ್ಲಿ ಹಾಕಬೇಕು, ನೋಡಿಕೊಂಡು ಜನ ಓಡಾಡಬೇಕು. ಈಗ ಅದರಲ್ಲಿ ಸುಗನ್ಯಾಳ ಅಪ್ಪ ಬೆಟ್ಟಯ್ಯನ ದನಿ: "ಮಸಿನಗುಡಿಯಿಂದ ಹೊಂಟಿವ್ನಿ. ದಾರಿ ಹೆಂಗದೆ?"

ನಿರಂಜನ್ ಗಡಿಬಿಡಿಯಲ್ಲಿ ಬರೆದ: ಮೋರಿ ತಿರುವಲ್ಲಿ ಆನೆ, ಬರಬೇಡಿ.

"ನಿನ್ನ ಆನೆ ಶನಿವಾರ ಶನಿವಾರವೇ ಬತ್ತದಲ್ಲ ಕಣಪ್ಪ," ಎಂದಿತು ಬೆಟ್ಟಯ್ಯನ ದನಿ. "ಹೋದ್ವಾರ ನಿನ್ನ ಮಾತು ಕೇಳಿ ಕತ್ತಲೆ ಆಗೋಗಂಟ ಅಂಗಡೀಲೇ ಕೂತಿದ್ದೆ. ಬಂದು ನೋಡುದ್ರೆ ದಾರೀಲಿ ಒಂದು ಲದ್ದೀನೂ ಇರ್ಲಿಲ್ಲ."

ಅದು ನಿಜ. ಹೋದ ವಾರದ ಆನೆ ನಿರಂಜನ್ ಕಟ್ಟಿದ ಸುಳ್ಳು. ಗ್ರೂಪಿನಲ್ಲಿ ಆನೆ ಬಿದ್ದರೆ ಆ ದಾರಿಗೆ ಸಂಜೆಯೆಲ್ಲ ಯಾರೂ ಸುಳಿಯುವುದಿಲ್ಲ. ಇವರಿಬ್ಬರಿಗೆ ಬೇಕಾದದ್ದೂ ಅದೇ. ಪರಿಚಯವಾದದ್ದೂ ಆ ಗ್ರೂಪಿನಿಂದಲೇ. ಅಲ್ಲಿಂದ ನಿರಂಜನ್ ಅವಳ ನಂಬರು ಹಿಡಿದು, "ನಿಮ್ಮ ಮನೆ ಕಡೆ ಆನೆ ಬಂತಾ?" ಎಂದು ಕೇಳಿದ್ದ. ಇಲ್ಲ ಎಂದಿದ್ದಳು. ಆಮೇಲೆ ದಿನಾ ಕೇಳಿದ.

ನಿರಂಜನ್ ಫೋಟೋ ತೆಗೆದು ಹಾಕಿದ. ಮಬ್ಬು ಬೆಳಕು, ಮಂಜು. "ಇದು ಬಂಡೆ ಕಣೋ," ಎಂದು ಪೇಟೆಯ ರಾಜ್‌ಕುಮಾರ್ ಬರೆದ. ಬೆಟ್ಟಯ್ಯನಿಗೆ ಕಾಲ್ ಮಾಡಿದರೆ ಹೋಗಲಿಲ್ಲ. ಮೋರಿ ಹತ್ತಿರ ಸಿಗ್ನಲ್ ಒಂದೇ ಕಡ್ಡಿ.

"ನನ್ನ ದನಿ ಕೇಳುದ್ರೆ ಅಪ್ಪ ನಂಬ್ತಾನೆ," ಎಂದಳು ಸುಗನ್ಯಾ.

"ಅವ್ರೊಬ್ರಿಗೇ ಕಳ್ಸು ಮತ್ತೆ."

"ಅಪ್ಪಂಗೆ ವಾಟ್ಸಾಪ್ ಅಂದ್ರೆ ಈ ಗ್ರೂಪು ಒಂದೇ. ಬೇರೇದು ತೆಗೆಯೋಕೇ ಬರಲ್ಲ."

"ಊರೆಲ್ಲ ಕೇಳ್ತದೆ ಕಣೇ. ಮನೇಲಿ ಹೇಳಿರೋ ಪ್ರಕಾರ ನೀನು ಈಗ ಟೈಲರಿಂಗ್ ಕ್ಲಾಸಲ್ಲಿದೀಯ."

"ಕೇಳ್ಲಿ. ಅಪ್ಪನ ಮೊಪೆಡ್ಡಿಗೆ ಬ್ರೇಕ್ ಸರಿ ಇಲ್ಲ. ತಿರುವು ದಾಟೋಗಂಟ ಆ ಆನೆ ಕಾಣಾದೂ ಇಲ್ಲ."

ಅವಳು ಮೈಕ್ ಒತ್ತಿದಳು. "ಅಪ್ಪ, ನಾನು ಸುಗನ್ಯಾ. ಮೋರಿ ತಿರುವಲ್ಲಿ ನಿಜವಾಗ್ಲೂ ಆನೆ ನಿಂತದೆ. ಬರ್ಬೇಡ." ಅಷ್ಟರಲ್ಲಿ ಆನೆ ಕಿವಿ ಬಿಚ್ಚಿ ಇತ್ತ ತಿರುಗಿತು. "ಬಂಗಾರೀ, ತಲೆ ಒಳಗೆ ಹಾಕು," ಎಂದ ನಿರಂಜನ್. ಸುಗನ್ಯಾಳ ಬೆರಳು ಇನ್ನೂ ಮೈಕಿನ ಮೇಲೇ ಇತ್ತು. ಬಂಗಾರಿಯೂ ಸೇರಿಯೇ ಗ್ರೂಪಿಗೆ ಹೋಯಿತು.

ರಾಜ್‌ಕುಮಾರ್ ತನ್ನ ಬಂಡೆಯ ಮಾತನ್ನು ಅಳಿಸಿದ. ಊರಿನ ಪುಟ್ಟಲಿಂಗಮ್ಮತ್ತೆ ಒಂದು ಆನೆಯ ಚಿತ್ರ ಹಾಕಿ, ಅದರ ಪಕ್ಕ ಒಂದು ಕೆಂಪು ಹೃದಯ ಹಾಕಿದಳು. ಆಮೇಲೆ ಬೆಟ್ಟಯ್ಯನ ದನಿ ಬಂತು: "ಟೀ ಅಂಗಡಿ ತಾವ ನಿಂತಿವ್ನಿ."

ಸುಗನ್ಯಾ ಉಸಿರು ಬಿಟ್ಟಳು. ಆನೆ ತನ್ನ ಪಾಡಿಗೆ ಬಿದಿರು ಮುಗಿಸಿ, ಬಾಲ ಆಡಿಸುತ್ತ ಎಡಗಡೆ ಕಾಡಿಗೆ ಇಳಿಯಿತು. ನಿರಂಜನ್ ಬರೆದ: ಆನೆ ಹೋಯ್ತು ಅಣ್ಣ.

"ನಮ್ಮಪ್ಪನ್ನ ಅಣ್ಣ ಅಂತೀಯಲ್ಲ," ಎಂದಳು ಸುಗನ್ಯಾ. "ಹಂಗಾದ್ರೆ ನಾನು ನಿಂಗೆ ಏನಾಗ್ಬೇಕು?"

ಅವನು ಅದನ್ನು ಅಳಿಸಲು ಹೋಗುವಷ್ಟರಲ್ಲಿ ಬೆಟ್ಟಯ್ಯನ ಉತ್ತರ ಬಂದೇಬಿಟ್ಟಿತು.

"ಆನೆ ಹೋಯ್ತಾ, ಸರಿ. ನೀನು ಹೋಗ್ಬೇಡ. ಅಲ್ಲೇ ಇರು, ಬತ್ತಾ ಇವ್ನಿ."

ದೂರದಲ್ಲಿ ಮೊಪೆಡ್ ಸದ್ದು ಕೇಳಿಸಿತು. ನಿರಂಜನ್ ಆನೆ ಇಳಿದುಹೋದ ಕಡೆಗೇ ಆಸೆಯಿಂದ ನೋಡುತ್ತಿದ್ದ.